ಶೇಷ ಉಳಿಯುವ ಭಾಗಾಕಾರ: ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಕ್ರಮದಲ್ಲಿ ಕಲಿಸಬೇಕು

ಐದನೇ ತರಗತಿಯ ಮಕ್ಕಳಿಗೆ 619ನ್ನು 6ರಿಂದ ಭಾಗಿಸಲು ಕೊಟ್ಟು ನೋಡಿ. ಎಷ್ಟೋ ಮಕ್ಕಳು 13 ಬಂತು, 1 ಉಳೀತು ಅಂತ ಬರೆಯುತ್ತಾರೆ. ಮಗ್ಗಿ ಸರಿ ಇರುತ್ತದೆ. ಕಳೆದದ್ದೂ ಸರಿ ಇರುತ್ತದೆ. ಆದರೂ 103 ಬರಬೇಕಾದ ಕಡೆ 13 ಬಂದಿರುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸಾಲಿಗಳಲ್ಲಿ ಕಲಿಸುವವರೂ, ಮನೆಯಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿಕೊಡುವ ಅವ್ವ-ಅಪ್ಪಂದಿರೂ ಕೇಳುವುದು ಒಂದೇ ಮಾತು: ಎಷ್ಟು ಸಲ ಹೇಳಿದರೂ ಮತ್ತೆ ಅಲ್ಲೇ ತಪ್ಪುತ್ತಾರಲ್ಲ, ಯಾಕೆ?

ಯಾಕೆ ಅಂದರೆ ನಾವು ಬರೆಯುವ ಕ್ರಮವನ್ನು ಮೊದಲು ಕೊಡುತ್ತೇವೆ. "ಭಾಗಿಸು, ಗುಣಿಸು, ಕಳೆ, ಕೆಳಗಿಳಿಸು" ಅನ್ನುವುದು ಬಾಯಿಪಾಠ ಆಗುತ್ತದೆ. ಆದರೆ ಏನನ್ನು ಹಂಚುತ್ತಿದ್ದೇವೆ, ಕೆಳಗಿಳಿಸುವುದು ಅಂದರೆ ಏನು ಅನ್ನುವುದು ಮಗುವಿಗೆ ಗೊತ್ತೇ ಇರುವುದಿಲ್ಲ. ಇಲ್ಲಿ ಹೇಳುವ ಕ್ರಮ ಬೇರೆ. ಮೊದಲು ಕೈಯಿಂದ ಹಂಚಬೇಕು. ಆಮೇಲೆ ಹಂಚಿದ್ದನ್ನು ಬಾಯಿಬಿಟ್ಟು ಹೇಳಬೇಕು. ಪಾಟಿಯ ಮೇಲೆ ಬರೆಯುವುದು ಕೊನೆಗೆ. ಈ ಮೂರರಲ್ಲಿ ಒಂದನ್ನು ಹಾರಿಸಿದರೂ ಸೊನ್ನೆಯ ಲೆಕ್ಕ ಬಂದಾಗ ಮಗು ಸಿಕ್ಕಿಹಾಕಿಕೊಳ್ಳುತ್ತದೆ.

ದಿನಕ್ಕೊಂದು ಪಿರಿಯಡ್ ಕೊಟ್ಟರೆ ಎರಡು ಮೂರು ವಾರ ಬೇಕಾಗುತ್ತದೆ. ಅದಕ್ಕಿಂತ ಬೇಗ ಮುಗಿಸಲು ಹೋಗಬೇಡಿ.

ಬೇಕಾಗುವ ಸಾಮಾನು

ಕಡ್ಡಿಗಳು ಬೇಕು. ಒಂದೇ ಅಳತೆಗೆ ಕತ್ತರಿಸಿದ ಜೋಳದ ದಂಟು, ಕಸಬರಿಗೆ ಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಯಾವುದಾದರೂ ನಡೆಯುತ್ತದೆ. ಹತ್ತು ಹತ್ತು ಕಡ್ಡಿಗೆ ರಬ್ಬರ್ ಹಾಕಿ ಕಟ್ಟು ಮಾಡಿಕೊಳ್ಳಿ. ನಾಲ್ಕೈದು ಮಕ್ಕಳ ಒಂದು ಗುಂಪಿಗೆ ಒಂಬತ್ತು ಕಟ್ಟು ಮತ್ತು ಒಂಬತ್ತು ಬಿಡಿ ಕಡ್ಡಿ ಸಾಕು. ಕಟ್ಟುಗಳನ್ನು ಮಕ್ಕಳ ಕೈಯಿಂದಲೇ ಕಟ್ಟಿಸಿ. ತಾವೇ ಎಣಿಸಿ ಕಟ್ಟಿದ ಮಕ್ಕಳು "ಇದರಲ್ಲಿ ಎಷ್ಟಿವೆ?" ಅಂತ ಮತ್ತೆ ಮತ್ತೆ ಕೇಳುವುದಿಲ್ಲ.

ಮೂರಂಕಿ ಲೆಕ್ಕಕ್ಕೆ ಕಡ್ಡಿ ತಂದರೆ ಗೊಂದಲ. ಅಲ್ಲಿ ಕಾಗದದಿಂದ ಮಾಡಿದ 100, 10, 1 ರೂಪಾಯಿಯ ಆಟದ ನೋಟುಗಳು ಒಳ್ಳೆಯವು. ನೂರರ ನೋಟು ಚಿಲ್ಲರೆ ಮಾಡಿಸುವುದು ಯಾವ ಮಗುವಿಗೂ ಹೊಸದಲ್ಲ, ಅಲ್ವಾ? ಸರ್ಕಾರಿ ಸಾಲಿಯಲ್ಲಿ ಗಣಿತ ಕಲಿಕಾ ಆಂದೋಲನದ (ಸರ್ಕಾರಿ ಸಾಲಿಗಳಿಗಾಗಿ ಮಾಡಿದ ಗಣಿತ ಕಾರ್ಯಕ್ರಮ) ಕಿಟ್ ಇದ್ದರೆ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಸ್ಥಾನಬೆಲೆ ತೋರಿಸುವ ಸಾಮಾನು ಅದರಲ್ಲಿ ಸಿಗುತ್ತದೆ.

ಇನ್ನೊಂದು, ಚೌಕದ ಗೆರೆ ಇರುವ ನೋಟ್‌ಬುಕ್. ಇದು ಅಂದಕ್ಕಲ್ಲ. ಒಂದು ಮನೆಯಲ್ಲಿ ಒಂದೇ ಅಂಕಿ ಬರೆದರೆ ಅಂಕಿಗಳು ಜಾಗ ತಪ್ಪುವುದಿಲ್ಲ, ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ. ಚೌಕದ ಪುಸ್ತಕ ಇಲ್ಲದಿದ್ದರೆ ಗೆರೆಯ ಪುಸ್ತಕವನ್ನೇ ಅಡ್ಡ ತಿರುಗಿಸಿ. ಗೆರೆಗಳು ಉದ್ದಕ್ಕೆ ನಿಂತು ಅಂಕಣಗಳಾಗುತ್ತವೆ.

ಹಂತ 1: ಶುರು ಮಾಡುವ ಮೊದಲು ಮೂರು ಪರೀಕ್ಷೆ

ಭಾಗಾಕಾರ ಬರುವುದಿಲ್ಲ ಅನ್ನುವ ಬಹಳ ಮಕ್ಕಳಿಗೆ ನಿಜವಾಗಿ ಬರದೇ ಇರುವುದು ಕಳೆಯುವುದು. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯಲ್ಲೂ ಗಣಿತದ ಮೆಟ್ಟಿಲುಗಳು ಇದೇ ಕ್ರಮದಲ್ಲಿವೆ. ಅಂಕಿ ಗುರುತಿಸುವುದು, ಸಾಲ ತಗೊಂಡು ಎರಡಂಕಿ ಕಳೆಯುವುದು, ಅದರ ಮೇಲೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಕೆಳಗಿನ ಮೆಟ್ಟಿಲು ಅಲುಗಾಡುತ್ತಿದ್ದರೆ ಮೇಲಿನದನ್ನು ಹತ್ತಿಸಲು ಆಗುವುದಿಲ್ಲ. ಹಾಗಾಗಿ ಮೂರು ಸಣ್ಣ ಪರೀಕ್ಷೆ ಮಾಡಿ.

ಒಂದು, ಕಳೆಯುವುದು. 52ರಲ್ಲಿ 38, 71ರಲ್ಲಿ 46, 40ರಲ್ಲಿ 27. ಉತ್ತರ 14, 25, 13 ಬರಬೇಕು. 52−38ಕ್ಕೆ 26 ಬರೆದರೆ ಆ ಮಗು ಮೇಲೆ-ಕೆಳಗೆ ನೋಡದೆ ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಲ್ಲಿ ಸಣ್ಣ ಅಂಕಿಯನ್ನು ಕಳೆಯುತ್ತಿದೆ. ಮೊದಲು ಅದನ್ನು ಸರಿಮಾಡಿ.

ಎರಡು, ಸ್ಥಾನಬೆಲೆ. 75 ಬರೆದು 7ರ ಮೇಲೆ ಬೆರಳಿಟ್ಟು "ಇದು ಎಷ್ಟು?" ಅಂತ ಕೇಳಿ. "ಏಳು" ಅಂದರೆ ಸಾಲದು. "ಏಳು ಹತ್ತು" ಅಥವಾ "ಎಪ್ಪತ್ತು" ಅನ್ನಬೇಕು.

ಮೂರು, ಮಗ್ಗಿಯನ್ನು ತಿರುವಿ ಹೇಳುವುದು. "ನಾಲ್ಕೊಂದ್ಲೆ ನಾಲ್ಕು, ನಾಲ್ಕೆರಡ್ಲೆ ಎಂಟು" ಅಂತ ರಾಗವಾಗಿ ಹೇಳುವ ಮಗುವನ್ನು "ನಾಲ್ಕು ಎಷ್ಟ್ಲೆ 28?" ಅಂತ ಕೇಳಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಭಾಗಾಕಾರಕ್ಕೆ ಬೇಕಾದದ್ದು ಈ ತಿರುವು. ಮಗ್ಗಿ ಪೂರ್ತಿ ಬರುವವರೆಗೆ ಭಾಗಾಕಾರ ಮುಟ್ಟಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಗ್ಗಿಯ ಚೀಟಿ ಕೈಯಲ್ಲಿ ಕೊಟ್ಟು ಮುಂದೆ ಹೋಗಿ. ದಿನಾ ಭಾಗಿಸುತ್ತಾ ಹೋದರೆ ಮಗ್ಗಿಯೂ ಗಟ್ಟಿಯಾಗುತ್ತದೆ. ಆದರೆ ಕಳೆಯುವುದು ಮತ್ತು ಸ್ಥಾನಬೆಲೆ ಬರದಿದ್ದರೆ ಮುಂದೆ ಹೋಗಬೇಡಿ. ಅದಕ್ಕೆ ಚೀಟಿ ಇಲ್ಲ.

ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ ಅಥವಾ ಉರ್ದು ಮಾತಾಡುವ ಮಕ್ಕಳ ಬಗ್ಗೆ ಒಂದು ಮಾತು. ಆ ಭಾಷೆಗಳಲ್ಲಿ 35 ಅನ್ನುವಾಗ ಐದು ಮೊದಲು ಬರುತ್ತದೆ, ಮೂವತ್ತು ಆಮೇಲೆ. ಅವಸರದಲ್ಲಿ 35ನ್ನು 53 ಅಂತ ಬರೆಯುವ ಮಕ್ಕಳು ಇರುತ್ತಾರೆ. ಅದನ್ನು ಭಾಗಾಕಾರದ ತಪ್ಪು ಅಂತ ಎಣಿಸಬೇಡಿ. ಮನಸ್ಸಿನಲ್ಲಿ "ಬೇ ಏಕೆ ಬೇ" ಅಂತ ಮರಾಠಿ ಮಗ್ಗಿಯನ್ನೇ ಹೇಳಿಕೊಂಡು ಉತ್ತರ ಕನ್ನಡದಲ್ಲಿ ಕೊಟ್ಟರೂ ತಡೆಯಬೇಡಿ.

ಹಂತ 2: ಬರೆಯದೆ, ಉಳಿದದ್ದು ಏನು ಅಂತ ತಿಳಿಯುವುದು

ಪಾಟಿ, ಪುಸ್ತಕ ಎಲ್ಲ ಪಕ್ಕಕ್ಕಿಡಿ. 17 ಹುಣಸೆ ಬೀಜ, 5 ಮಕ್ಕಳು. ಒಂದೊಂದಾಗಿ ಹಂಚಿಸಿ. ಒಬ್ಬೊಬ್ಬರಿಗೆ ಮೂರು ಬಂದು ಎರಡು ಉಳಿಯುತ್ತವೆ. ಈಗ ಮುಖ್ಯ ಪ್ರಶ್ನೆ ಕೇಳಿ: "ಈ ಎರಡನ್ನು ಯಾಕೆ ಹಂಚಲಿಲ್ಲ?" "ಐದು ಮಂದಿಗೆ ಸಾಲುವುದಿಲ್ಲ" ಅನ್ನುವ ಉತ್ತರ ಮಗುವಿನ ಬಾಯಿಂದಲೇ ಬರಬೇಕು. ಶೇಷ ಭಾಜಕಕ್ಕಿಂತ ಸಣ್ಣದಿರಬೇಕು ಅನ್ನುವ ನಿಯಮ ಇಲ್ಲೇ ಮುಗಿಯಿತು. ಇದನ್ನು ಮುಂದೆ ನಿಯಮ ಅಂತ ಬರೆಸಿ ಬಾಯಿಪಾಠ ಮಾಡಿಸುವ ಅಗತ್ಯ ಇಲ್ಲ.

ನೀವು ಬೇಕಂತಲೇ ತಪ್ಪು ಮಾಡಿ ತೋರಿಸಿ. 17 ಬೀಜದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಕೊಟ್ಟು, "ಏಳು ಉಳಿದವು, ಮುಗೀತು" ಅನ್ನಿ. ಮಕ್ಕಳು ಸುಮ್ನೆ ಕೂರುವುದಿಲ್ಲ. "ಇನ್ನೊಂದೊಂದು ಕೊಡಬಹುದು" ಅಂತ ಕೂಗುತ್ತಾರೆ. ಹಾಗೆ ಕೂಗದ ಮಕ್ಕಳನ್ನು ಗಮನಿಸಿ ಇಟ್ಟುಕೊಳ್ಳಿ. ಅವರಿಗೆ ಈ ಹಂತ ಇನ್ನೊಂದು ದಿನ ಬೇಕು.

ಇದರ ಜೊತೆಗೆ ದಿನಾ ಐದು ನಿಮಿಷ ಒಂದು ಬಾಯಿಲೆಕ್ಕ ನಡೆಯಲಿ. ನೀವು "ನಾಲ್ಕು, ಮೂವತ್ತೈದು" ಅನ್ನಿ. ಮಗು "ನಾಲ್ಕೆಂಟ್ಲೆ ಮೂವತ್ತೆರಡು, ಉಳಿದದ್ದು ಮೂರು" ಅನ್ನಬೇಕು. ಸಂಖ್ಯೆಯನ್ನು ದಾಟಬಾರದು, ತೀರಾ ಹಿಂದೆಯೂ ನಿಲ್ಲಬಾರದು. ಮುಂದೆ ಬರುವ ಪ್ರತಿ ಲೆಕ್ಕವೂ ಇದರ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಈ ಐದು ನಿಮಿಷವನ್ನು ಕೊನೆಯ ಹಂತದವರೆಗೂ ಬಿಡಬೇಡಿ.

ಈ ಹೊತ್ತಿನಲ್ಲಿ ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಅನ್ನುವ ಹೆಸರುಗಳು ಬೇಡ. "ಹಂಚುವುದು ಎಷ್ಟು, ಎಷ್ಟು ಮಂದಿಗೆ, ಸಿಕ್ಕಿದ್ದು ಎಷ್ಟು, ಉಳಿದದ್ದು ಎಷ್ಟು" ಸಾಕು. ನಾಲ್ಕನೇ ಹಂತದಲ್ಲಿ ಹೆಸರು ಕೊಟ್ಟರೆ ಒಂದೇ ದಿನದಲ್ಲಿ ಕೂರುತ್ತವೆ.

ಹಂತ 3: ಕಟ್ಟು ಬಿಚ್ಚಿ ಹಂಚುವುದು

ಇಡೀ ಕಲಿಕೆಯ ನಡುಭಾಗ ಇದು. ಇಲ್ಲಿ ಎಷ್ಟು ದಿನ ಹಿಡಿದರೂ ಹಿಡಿಯಲಿ.

75 ಕಡ್ಡಿ, ಅಂದರೆ 7 ಕಟ್ಟು ಮತ್ತು 5 ಬಿಡಿ. ನಾಲ್ಕು ಮಕ್ಕಳು ಎದುರಿಗೆ ಕೂತಿದ್ದಾರೆ.

"ಮೊದಲು ಕಟ್ಟು ಹಂಚೋಣ. ಏಳು ಕಟ್ಟು, ನಾಲ್ಕು ಮಂದಿ. ಒಬ್ಬೊಬ್ಬರಿಗೆ ಎಷ್ಟು?"

"ಒಂದೊಂದು ಕಟ್ಟು."

"ಎಷ್ಟು ಕಟ್ಟು ಹೋದವು? ಎಷ್ಟು ಉಳಿದವು?"

"ನಾಲ್ಕು ಹೋದವು, ಮೂರು ಉಳಿದವು."

"ಮೂರು ಕಟ್ಟು ನಾಲ್ಕು ಮಂದಿಗೆ ಹೇಗೆ ಕೊಡೋದು?"

ಇಲ್ಲಿ ನೀವು ಬಾಯಿ ಬಿಡಬೇಡಿ, ಕಾಯಿರಿ. ಯಾರಾದರೂ ಒಬ್ಬರು "ಕಟ್ಟು ಬಿಚ್ಚಬೇಕ್ರಿ ಅಕ್ಕೋರೆ" ಅಂದೇ ಅನ್ನುತ್ತಾರೆ. ಬಿಚ್ಚಿದರೆ 30 ಬಿಡಿ ಕಡ್ಡಿ. ಮೊದಲೇ ಇದ್ದ 5 ಸೇರಿಸಿದರೆ 35. ಒಬ್ಬೊಬ್ಬರಿಗೆ ಎಂಟೆಂಟು ಕೊಟ್ಟರೆ 32 ಹೋಗಿ 3 ಉಳಿಯುತ್ತವೆ. ಒಬ್ಬೊಬ್ಬರ ಕೈಯಲ್ಲಿ ಒಂದು ಕಟ್ಟು ಮತ್ತು ಎಂಟು ಬಿಡಿ, ಅಂದರೆ 18.

ಪಾಟಿಯ ಮೇಲೆ "5 ಕೆಳಗಿಳಿಸು" ಅನ್ನುತ್ತೇವಲ್ಲ, ಅದು ಈ ಕೆಲಸ. ಬಿಚ್ಚಿದ ಮೂವತ್ತರ ಜೊತೆಗೆ ಐದು ಬಿಡಿಯನ್ನು ಸೇರಿಸುವುದು. ಇದನ್ನು ಕಣ್ಣಾರೆ ಕಂಡ ಮಗು 3ರ ಪಕ್ಕಕ್ಕೆ 5 ಯಾಕೆ ಬರುತ್ತದೆ ಅಂತ ಕೇಳುವುದಿಲ್ಲ.

ಈ ಹಂತದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಮಕ್ಕಳು ಏಳೂ ಕಟ್ಟು ಬಿಚ್ಚಿ 75 ಬಿಡಿ ಕಡ್ಡಿ ಮಾಡಿಕೊಂಡು ಒಂದೊಂದಾಗಿ ಹಂಚಲು ಶುರು ಮಾಡುತ್ತಾರೆ. ಉತ್ತರ ಸರಿ ಬರುತ್ತದೆ, ಆದರೆ ಕಲಿಯಬೇಕಾದದ್ದು ಕಲಿಯುವುದಿಲ್ಲ. "ಹಂಚಲು ಆಗದಿದ್ದಾಗ ಮಾತ್ರ ಬಿಚ್ಚಬೇಕು" ಅನ್ನುವ ಒಂದೇ ನಿಯಮ ಇಡಿ.

ಇನ್ನೆರಡು ಲೆಕ್ಕ ಇದೇ ರೀತಿ ಮಾಡಿಸಿ: 58 ಕಡ್ಡಿ 3 ಮಂದಿಗೆ (19 ಸಿಗುತ್ತವೆ, 1 ಉಳಿಯುತ್ತದೆ), 92 ಕಡ್ಡಿ 5 ಮಂದಿಗೆ (18 ಸಿಗುತ್ತವೆ, 2 ಉಳಿಯುತ್ತವೆ). ಪ್ರತಿ ಸಲವೂ ಬೇರೆ ಮಗು ಹಂಚಲಿ, ಇನ್ನೊಂದು ಮಗು ಆಗಿದ್ದನ್ನು ಹೇಳಲಿ. ಹಂಚುತ್ತಾ ಹೋದಂತೆ ತಡೆಯಿಲ್ಲದೆ ಹೇಳಲು ಬಂದರೆ ಮಾತ್ರ ಮುಂದಿನ ಹಂತ.

ಹಂತ 4: ಹಂಚಿದ್ದನ್ನು ಬರೆಯುವುದು

ಒಂದು ಮಗು ಕಡ್ಡಿ ಹಂಚುತ್ತಿರಲಿ, ನೀವು ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ಕೈ ಒಂದು ಕೆಲಸ ಮಾಡಿದಾಗ ಖಡು (ಸೀಮೆಸುಣ್ಣ) ಒಂದು ಸಾಲು ಬರೆಯಬೇಕು. ಮುಂದೆ ಓಡಬಾರದು.

```
      1 8
    -----
4 )   7 5
    − 4
    -----
      3 5
    − 3 2
    -----
        3
```

ಮೇಲಿನ 1 ಅಂದರೆ ಒಬ್ಬೊಬ್ಬರಿಗೆ ಸಿಕ್ಕ ಒಂದು ಕಟ್ಟು. ಕೆಳಗಿನ 4 ಅಂದರೆ ಹಂಚಿಹೋದ ನಾಲ್ಕು ಕಟ್ಟು. 3 ಅಂದರೆ ಉಳಿದ ಕಟ್ಟು. 35 ಅಂದರೆ ಬಿಚ್ಚಿ ಸೇರಿಸಿದ ಬಿಡಿ. ಪ್ರತಿ ಅಂಕಿಯ ಮೇಲೆ ಬೆರಳಿಟ್ಟು "ಇದು ಯಾರ ಕೈಯಲ್ಲಿದೆ?" ಅಂತ ಕೇಳಿ. ಮೇಲಿನ ಸಾಲು ಮಕ್ಕಳ ಕೈಯಲ್ಲಿರುವುದು, ಕೆಳಗಿನ ಸಾಲುಗಳು ಹೋದದ್ದು ಮತ್ತು ಉಳಿದದ್ದು.

ಉತ್ತರವನ್ನು ಎಲ್ಲಿ ಬರೆಯಬೇಕು ಅನ್ನುವುದು ಸಣ್ಣ ವಿಷಯ ಅಲ್ಲ. ಹಿಂದಿನಿಂದ ಬಂದ ರೂಢಿಯಲ್ಲಿ ಭಾಜಕ ಎಡಕ್ಕೆ, ಭಾಗಲಬ್ಧ ಬಲಕ್ಕೆ. ಅಪ್ಪ, ಅವ್ವ, ಅಜ್ಜ ಕಲಿತದ್ದು ಹಾಗೆ. ಅದು ತಪ್ಪಲ್ಲ. ಆದರೆ ಕಲಿಯುವ ಮಗುವಿಗೆ ಭಾಗಲಬ್ಧ ತಲೆಯ ಮೇಲೆ, ಆಯಾ ಅಂಕಿಯ ನೇರಕ್ಕೆ ಇರಲಿ. ಬಲಕ್ಕೆ ಬರೆದರೆ 13ಕ್ಕೂ 103ಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಮೇಲೆ ಬರೆದರೆ ಖಾಲಿ ಬಿದ್ದ ಮನೆ ಎದ್ದು ಕಾಣುತ್ತದೆ. ಮನೆಯಲ್ಲಿ ಬಲಕ್ಕೆ ಬರೆಸುತ್ತಿದ್ದರೆ ಒಂದು ತಿಂಗಳು ಮೇಲೆಯೇ ಬರೆಸಿ ಅಂತ ಪಾಲಕರಿಗೆ ಹೇಳಿ ಕಳಿಸಿ. ಎರಡು ಕಡೆ ಎರಡು ಪದ್ಧತಿ ನಡೆದರೆ ಮಗು ಎರಡನ್ನೂ ಕಲಸುತ್ತದೆ.

ಶುರುವಿಗೆ ಯಾವ ಲೆಕ್ಕ ಕೊಡಬೇಕು ಅನ್ನುವುದರಲ್ಲೂ ಜಾಗ್ರತೆ ಬೇಕು. ಕೂಡುವುದು, ಕಳೆಯುವುದು, ಗುಣಿಸುವುದು ಮೂರನ್ನೂ ಮಕ್ಕಳು ಬಿಡಿಯಿಂದ, ಅಂದರೆ ಬಲದಿಂದ ಮಾಡಿ ಬಂದಿರುತ್ತಾರೆ. ಭಾಗಾಕಾರ ಒಂದೇ ಎಡದಿಂದ ಶುರುವಾಗುತ್ತದೆ. ಮೊದಲ ಲೆಕ್ಕ 84÷4 ಕೊಟ್ಟರೆ ಬಲದಿಂದ ಮಾಡಿದರೂ 21, ಎಡದಿಂದ ಮಾಡಿದರೂ 21. ತಪ್ಪು ಒಳಗೇ ಉಳಿದುಬಿಡುತ್ತದೆ. ಮೊದಲ ದಿನವೇ 52÷4 ಕೊಡಿ. ಬಲದಿಂದ ಹೋದ ಮಗು ಎರಡು ಬಿಡಿಯನ್ನು ನಾಲ್ಕು ಮಂದಿಗೆ ಹಂಚಲಾಗದೆ ಅಲ್ಲೇ ನಿಲ್ಲುತ್ತದೆ, ನಿಮಗೂ ಗೊತ್ತಾಗುತ್ತದೆ. "ದೊಡ್ಡ ಕಟ್ಟು ಮೊದಲು" ಅಂತ ಒಂದು ಸಲ ನೆನಪಿಸಿದರೆ ಸಾಕು.

ಬಾಯಿಮಾತಿನ ಬಗ್ಗೆಯೂ ಒಂದು ಎಚ್ಚರ. "ಏಳರಲ್ಲಿ ನಾಲ್ಕು ಹೋದರೆ ಮೂರು" ಅಂತ ಹೇಳಿಕೊಡುವುದು ರೂಢಿ. ಆ ಏಳು ಎಪ್ಪತ್ತು ಅನ್ನುವುದು ಅಲ್ಲಿ ಮರೆಯಾಗುತ್ತದೆ. ಮೊದಲ ವಾರವಾದರೂ "ಏಳು ಹತ್ತರಲ್ಲಿ ನಾಲ್ಕು ಹತ್ತು ಹೋದವು" ಅಂತಲೇ ಅನ್ನಿ.

ಹಂತ 5: ಮೂರಂಕಿ, ಮತ್ತು ಮೊದಲ ಅಂಕಿ ಸಣ್ಣದಿದ್ದಾಗ

ಈಗ ನೋಟುಗಳನ್ನು ತೆಗೆಯಿರಿ. 538 ರೂಪಾಯಿ, 4 ಮಂದಿ. ನೂರರ ನೋಟು ಐದು. ಒಬ್ಬೊಬ್ಬರಿಗೆ ಒಂದು ಕೊಟ್ಟರೆ ಒಂದು ಉಳಿಯಿತು. ಅದನ್ನು ಹತ್ತರ ಹತ್ತು ನೋಟು ಮಾಡಿಸಿದರೆ ಇದ್ದ ಮೂರು ಸೇರಿ 13. ಒಬ್ಬೊಬ್ಬರಿಗೆ ಮೂರು, ಒಂದು ಉಳಿಯಿತು. ಅದನ್ನೂ ಚಿಲ್ಲರೆ ಮಾಡಿಸಿದರೆ ಇದ್ದ ಎಂಟು ಸೇರಿ 18. ಒಬ್ಬೊಬ್ಬರಿಗೆ ನಾಲ್ಕು, ಉಳಿದದ್ದು ಎರಡು. ಉತ್ತರ 134, ಶೇಷ 2.

ಇದು ಸಲೀಸಾದ ಮೇಲೆ 257÷6. ಎರಡು ನೂರರ ನೋಟು, ಆರು ಮಂದಿ. ಯಾರಿಗೂ ನೂರರ ನೋಟು ಸಿಗುವುದಿಲ್ಲ. ಎರಡನ್ನೂ ಮುರಿಸಿದರೆ ಹತ್ತರ ನೋಟು 25 ಆಗುತ್ತವೆ. ಒಬ್ಬೊಬ್ಬರಿಗೆ 4, ಉಳಿದದ್ದು 1. ಬಿಡಿ 17. ಒಬ್ಬೊಬ್ಬರಿಗೆ 2, ಉಳಿದದ್ದು 5. ಉತ್ತರ 42, ಶೇಷ 5. ಇಲ್ಲಿ 4ನ್ನು 5ರ ತಲೆಯ ಮೇಲೆ ಬರೆಯಬೇಕು, 2ರ ಮೇಲಲ್ಲ. ನಾಲ್ಕು ಅಂದರೆ ಹತ್ತರ ನೋಟು, ಹತ್ತರ ಮನೆಯಲ್ಲೇ ಅದರ ಜಾಗ.

ಇನ್ನು ಮುಂದೆ ಪ್ರತಿ ಲೆಕ್ಕಕ್ಕೂ ಮೊದಲು ಒಂದು ಅಂದಾಜು ಕೇಳಿ: "ಉತ್ತರ ಹತ್ತರೊಳಗೋ, ನೂರರೊಳಗೋ, ನೂರರ ಮೇಲೋ?" 257÷6ಕ್ಕೆ ಒಬ್ಬೊಬ್ಬರಿಗೆ ನೂರು ಕೊಡಲು 600 ಬೇಕು, ಇಲ್ಲ. ಹತ್ತು ಕೊಡಲು 60 ಬೇಕು, ಇದೆ. ಅಂದ ಮೇಲೆ ಉತ್ತರ ಎರಡಂಕಿ. ಅರ್ಧ ನಿಮಿಷದ ಕೆಲಸ. ಇದನ್ನು ಅಂಚಿನಲ್ಲಿ ಬರೆದಿಟ್ಟುಕೊಂಡೇ ಲೆಕ್ಕ ಶುರು ಮಾಡಬೇಕು.

ಹಂತ 6: ಸೊನ್ನೆ

ಎಲ್ಲಕ್ಕಿಂತ ಜಾಸ್ತಿ ತಪ್ಪು ಬೀಳುವ ಜಾಗ ಇದು. ಪಠ್ಯದ ಅಭ್ಯಾಸಗಳ ನಡುವೆ ಒಂದೋ ಎರಡೋ ಸಿಕ್ಕಿ ಹೋಗಿಬಿಡುತ್ತವೆ. ಇದಕ್ಕೆ ಬೇರೆ ಒಂದು ದಿನ ಇಡಿ.

619÷6. ಆರು ನೂರರ ನೋಟು ಆರು ಮಂದಿಗೆ ಒಂದೊಂದು. ಈಗ ಹತ್ತರ ನೋಟು ಒಂದೇ ಇದೆ. ಆರು ಮಂದಿಗೆ ಎಷ್ಟು ಸಿಗುತ್ತದೆ? "ಸಿಗೋದಿಲ್ಲ" ಅಂತ ಮಗು ಹೇಳುತ್ತದೆ. "ಸಿಗೋದಿಲ್ಲ ಅನ್ನೋದನ್ನ ಹೇಗೆ ಬರೀತೀ?" "ಸೊನ್ನೆ." ಬರೆಸಿ, ಹತ್ತರ ಮನೆಯಲ್ಲಿ. ಆಮೇಲೆ ಆ ಹತ್ತರ ನೋಟು ಮುರಿಸಿದರೆ 19, ಒಬ್ಬೊಬ್ಬರಿಗೆ 3, ಉಳಿದದ್ದು 1. ಉತ್ತರ 103, ಶೇಷ 1.

ಕೆಲವರು "ಎರಡು ಅಂಕಿ ಒಟ್ಟಿಗೆ ಇಳಿಸಿದರೆ ಒಂದು ಸೊನ್ನೆ ಹಾಕಬೇಕು" ಅಂತ ಸೂತ್ರ ಕೊಡುತ್ತಾರೆ. ನನ್ನ ಮಟ್ಟಿಗೆ ಇದು ಅಪಾಯದ ಸೂತ್ರ. ಮಗು ಯಾವಾಗ ಹಾಕಬೇಕು ಅಂತ ಗೊತ್ತಾಗದೆ ಕಂಡ ಕಡೆ ಸೊನ್ನೆ ಹಾಕಲು ಶುರು ಮಾಡುತ್ತದೆ. 257÷6ರಲ್ಲಿ ಕೂಡ 402 ಅಂತ ಬರೆದಿಡುತ್ತದೆ. ಸೂತ್ರದ ಬದಲು ಅಭ್ಯಾಸ ಒಂದನ್ನು ಕೊಡಿ: ಒಂದು ಸಲಕ್ಕೆ ಒಂದೇ ಅಂಕಿ ಇಳಿಸಬೇಕು, ಒಂದು ಅಂಕಿ ಇಳಿಸಿದಾಗಲೆಲ್ಲ ಮೇಲೆ ಒಂದು ಅಂಕಿ ಬರೆಯಲೇಬೇಕು. ಹಂಚಲು ಆಗದಿದ್ದರೂ ಸರಿ.

ಸೊನ್ನೆ ಕೊನೆಗೆ ಬರುವ ಲೆಕ್ಕವನ್ನು ಮರೆಯಬೇಡಿ. 842÷4ರಲ್ಲಿ 8ಕ್ಕೆ 2, 4ಕ್ಕೆ 1 ಬಂದು, ಎರಡು ಬಿಡಿ ಉಳಿಯುತ್ತವೆ. "ಇನ್ನೇನು ಹಂಚೋಕಾಗಲ್ಲ, ಮುಗೀತು" ಅಂತ ಮಗು 21 ಬರೆದು ಎದ್ದುಬಿಡುತ್ತದೆ. ಸರಿಯಾದದ್ದು 210, ಶೇಷ 2. ಹಂಚಲು ಶುರು ಮಾಡಿದ ಮೇಲೆ ಬಿಡಿಯ ಮನೆಯವರೆಗೆ ಮೇಲಿನ ಸಾಲು ತುಂಬಿದೆಯಾ ಅಂತ ನೋಡುವುದನ್ನು ರೂಢಿ ಮಾಡಿಸಿ. ಇಲ್ಲಿ ಹಂತ 5ರ ಅಂದಾಜು ಕೈಹಿಡಿಯುತ್ತದೆ. ಒಬ್ಬೊಬ್ಬರಿಗೆ ನೂರು ಕೊಡಲು 400 ಸಾಕು, ಇರುವುದು 842. ಅಂದ ಮೇಲೆ 21 ಹೇಗೆ ಬರುತ್ತದೆ?

ಹಂತ 7: ತಾಳೆ ನೋಡುವುದು

ಭಾಜಕ × ಭಾಗಲಬ್ಧ + ಶೇಷ = ಭಾಜ್ಯ. 4×18 = 72, ಅದಕ್ಕೆ 3 ಸೇರಿದರೆ 75. ಮಕ್ಕಳ ಮಾತಲ್ಲಿ ಹೇಳುವುದಾದರೆ, ಹಂಚಿದ್ದನ್ನೆಲ್ಲ ವಾಪಸ್ ತಗೊಂಡು ಉಳಿದದ್ದನ್ನು ಸೇರಿಸಿದರೆ ಮೊದಲಿನಷ್ಟೇ ಆಗಬೇಕು.

ತಾಳೆ ನೋಡದ ಲೆಕ್ಕಕ್ಕೆ ಸರಿ ಗುರುತು ಹಾಕಬೇಡಿ. ಹತ್ತು ಲೆಕ್ಕ ಕೊಡುವ ಕಡೆ ನಾಲ್ಕೇ ಕೊಟ್ಟು ನಾಲ್ಕಕ್ಕೂ ತಾಳೆ ಮಾಡಿಸುವುದು ಎಷ್ಟೋ ಮೇಲು.

ತಾಳೆ ಒಂದೇ ಸಾಲದು ಅನ್ನುವುದನ್ನೂ ಹೇಳಬೇಕು. 47÷5ಕ್ಕೆ 8 ಸಿಕ್ಕಿತು, 7 ಉಳಿಯಿತು ಅಂತ ಬರೆದರೂ 5×8+7 = 47 ತಾಳೆ ಆಗುತ್ತದೆ. ಆದರೆ ಉತ್ತರ 9, ಶೇಷ 2. ಶೇಷ ಭಾಜಕಕ್ಕಿಂತ ಸಣ್ಣದಿದೆಯಾ ಅಂತ ಮೊದಲು ನೋಡಿ, ಆಮೇಲೆ ತಾಳೆ.

ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡುವ ಮಕ್ಕಳಿಗೆ 75÷4 ಅಂದರೆ 18.75 ಕಾಣುತ್ತದೆ. ಆ 75 ಶೇಷ ಅಲ್ಲ. ಇದರಿಂದಲೇ ಕೆಲವರು 18 ಶೇಷ 3 ಅನ್ನುವುದನ್ನು 18.3 ಅಂತ ಬರೆಯಲು ಕಲಿಯುತ್ತಾರೆ. ಕಂಡ ತಕ್ಷಣ ನಿಲ್ಲಿಸಿ. ದಶಮಾಂಶ ಬರುವವರೆಗೆ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ಕೂಡಿ ಮಾತ್ರ ತಾಳೆ ನೋಡಲಿ.

ಹಂತ 8: ಉಳಿದದ್ದನ್ನು ಏನು ಮಾಡಬೇಕು?

ಲೆಕ್ಕ ಸರಿ ಮಾಡಿ ಮಾತಿನ ಲೆಕ್ಕದಲ್ಲಿ ಸೋಲುವ ಮಕ್ಕಳು ತುಂಬಾ ಜನ. ಯಾಕೆಂದರೆ ಶೇಷಕ್ಕೆ ಏನು ಮಾಡಬೇಕು ಅನ್ನುವುದನ್ನು ಅಂಕಿ ಹೇಳುವುದಿಲ್ಲ, ಪ್ರಶ್ನೆ ಹೇಳುತ್ತದೆ. ಒಂದೊಂದು ಬಗೆಗೆ ಒಂದೊಂದು ಲೆಕ್ಕ ಕೊಟ್ಟು ಮಾತಾಡಿಸಿ.

ಬಾದಾಮಿಯಿಂದ ಗೋಲಗುಂಬಜ್ ನೋಡಲು 85 ಮಕ್ಕಳು ಹೊರಟಿದ್ದಾರೆ. ಒಂದು ಕ್ರೂಸರ್‌ನಲ್ಲಿ 9 ಮಕ್ಕಳು. 85÷9 ಅಂದರೆ 9, ಶೇಷ 4. ಗಾಡಿ ಎಷ್ಟು ಬೇಕು? ಒಂಬತ್ತು ಅಂದರೆ ನಾಲ್ಕು ಮಕ್ಕಳು ಊರಲ್ಲೇ ಉಳಿದರು. ಹತ್ತು ಬೇಕು.

ವಿಜಯಪುರ ಜಿಲ್ಲೆಯ ಇಂಡಿ ಊರಿನ 250 ನಿಂಬೆಹಣ್ಣು, ಒಂದು ಚೀಲಕ್ಕೆ 8. ತುಂಬಿದ ಚೀಲ ಎಷ್ಟು? 31, ಶೇಷ 2. ಇಲ್ಲಿ ಉತ್ತರ 31. ಎರಡು ಹಣ್ಣಿಗೆ ತುಂಬಿದ ಚೀಲ ಆಗುವುದಿಲ್ಲ.

25 ಜೋಳದ ರೊಟ್ಟಿ, 4 ಮಂದಿ. ಆರಾರು ಬಂದು ಒಂದು ಉಳಿಯಿತು. ಅದನ್ನು ನಾಲ್ಕು ಚೂರು ಮಾಡಬಹುದು, ಹಾಗಾಗಿ ಒಬ್ಬೊಬ್ಬರಿಗೆ ಆರೂಕಾಲು. ಕ್ರೂಸರ್‌ನಲ್ಲಿ ಉಳಿದ ಮಕ್ಕಳಿಗೆ ಹೀಗೆ ಮಾಡಲು ಬರುವುದಿಲ್ಲ, ಅಲ್ವಾ? ಈ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ.

ಇವತ್ತು ಮಂಗಳವಾರದ ಸಂತೆ. ಇವತ್ತಿಗೆ 100 ದಿನ ಕಳೆದ ಮೇಲೆ ಯಾವ ವಾರ? 100÷7 ಅಂದರೆ 14, ಶೇಷ 2. ಹದಿನಾಲ್ಕು ವಾರ ಕಳೆದರೆ ಮತ್ತೆ ಮಂಗಳವಾರ, ಮೇಲೆ ಎರಡು ದಿನ, ಗುರುವಾರ. ಇಲ್ಲಿ ಉತ್ತರ ಕೊಡುವುದೇ ಶೇಷ. ಈ ಲೆಕ್ಕ ಮಕ್ಕಳಿಗೆ ಬಹಳ ಹಿಡಿಸುತ್ತದೆ. ತಮ್ಮ ತಮ್ಮ ಹುಟ್ಟಿದ ದಿನಕ್ಕೆ ಮಾಡಿ ನೋಡುತ್ತಾರೆ, ಮಾಡಲಿ.

ಮಾತಿನ ಲೆಕ್ಕದ ಉತ್ತರವನ್ನು ಪೂರ್ತಿ ವಾಕ್ಯದಲ್ಲೇ ಬರೆಸಿ. "10 ಗಾಡಿ ಬೇಕು" ಅಂತ. ಬರೀ "9 ಶೇಷ 4" ಬರೆದರೆ ಅರ್ಧ ಕೆಲಸ.

ಪುಸ್ತಕ ನೋಡಿ ತಪ್ಪಿನ ಮೂಲ ಹಿಡಿಯುವುದು

ಕೆಂಪು ಅಡ್ಡಗೆರೆ ಹಾಕಿದರೆ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ತಪ್ಪು ಉತ್ತರದ ಆಕಾರ ನೋಡಿದರೆ ಮೂಲ ಸಿಗುತ್ತದೆ.

95÷4ಕ್ಕೆ 113, ಶೇಷ 3 ಬಂದಿದೆ ಅನ್ನಿ. ಮಗು 9ರಲ್ಲಿ ಒಂದೇ ಸಲ 4 ತೆಗೆದು 5 ಉಳಿಸಿದೆ, 5 ಇಳಿಸಿ 55 ಮಾಡಿದೆ, ಅದಕ್ಕೆ 13 ಬರೆದಿದೆ. ಸರಿಯಾದ ಉತ್ತರ 23, ಶೇಷ 3. ಒಂದು ಮನೆಯಲ್ಲಿ 10 ಅಥವಾ ಅದಕ್ಕಿಂತ ದೊಡ್ಡದು ಬಂದರೆ ಹಿಂದಿನ ಮನೆಯಲ್ಲಿ ಕಡಿಮೆ ಹಂಚಿದ್ದೇವೆ ಅಂತ ಅರ್ಥ. ಹಂತ 2ಕ್ಕೆ ಹಿಂದೆ ಹೋಗಿ.

ಕಳೆಯಲು ಆಗುತ್ತಿಲ್ಲ, ಕೆಳಗಿನ ಸಂಖ್ಯೆ ದೊಡ್ಡದು ಅಂದರೆ ಮಗ್ಗಿಯಲ್ಲಿ ದಾಟಿ ಹೋಗಿದ್ದಾರೆ. ಬಾಯಿಲೆಕ್ಕ ಜಾಸ್ತಿ ಮಾಡಿಸಿ. ಉತ್ತರ ಒಂದೆರಡು ಹೆಚ್ಚುಕಡಿಮೆ ಇದ್ದರೆ ಬಹುಪಾಲು ಕಳೆಯುವ ತಪ್ಪು. ಉತ್ತರದಲ್ಲಿ ಒಂದು ಅಂಕಿಯೇ ಕಡಿಮೆ ಇದ್ದರೆ ಸೊನ್ನೆ. ಮಗು ಪುಸ್ತಕದ ಹಿಂದಿನ ಉತ್ತರ ನೋಡಿ ಬರೆದಿದೆಯೋ ಅನ್ನುವ ಅನುಮಾನ ಬಂದರೆ ಗದರಬೇಡಿ. "ಈ 35 ಎಲ್ಲಿಂದ ಬಂತು, ಹೇಳು" ಅಂತ ಕೇಳಿ.

ಇನ್ನೊಂದು ಎಚ್ಚರಿಕೆಯ ಗುರುತು ಬರಹದಲ್ಲಿ ಕಾಣುವುದಿಲ್ಲ. ಎಲ್ಲ ಲೆಕ್ಕವನ್ನೂ ಸರಿಯಾಗಿ, ಬೇಗ ಮಾಡುವ ಮಗು ಬಾಯಿಬಿಟ್ಟು ಹೇಳು ಅಂದಾಗ ತಡವರಿಸುತ್ತದೆ. ಅದು ಬರೀ ಕ್ರಮ ನೆನಪಿಟ್ಟಿದೆ. ಒಂದು ತಿಂಗಳು ರಜೆ ಬಂದರೆ ಮರೆಯುತ್ತದೆ. ಅಂಥ ಮಗುವಿಗೆ ಇನ್ನೊಬ್ಬರಿಗೆ ಕಡ್ಡಿ ಹಂಚಿ ಹೇಳಿಕೊಡುವ ಕೆಲಸ ಕೊಡಿ.

ನಡುವೆ ಸಾಲಿ ತಪ್ಪಿದ ಮಕ್ಕಳು

ಕಬ್ಬು ಕಡಿಯುವ ಹಂಗಾಮಿಗೆ ಅಪ್ಪ-ಅವ್ವನ ಜೊತೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ಬರುವ ಮಕ್ಕಳು ವಿಜಯಪುರ, ಬಾಗಲಕೋಟೆಯ ಎಷ್ಟೋ ತಾಂಡಾ, ಹಳ್ಳಿಗಳಲ್ಲಿದ್ದಾರೆ. ಬಂದ ದಿನ ತರಗತಿ ಎಲ್ಲಿದೆಯೋ ಅಲ್ಲಿಗೆ ಅವರನ್ನು ಕೂಡಿಸಿದರೆ ಮೂಲೆಗೆ ಸೇರುತ್ತಾರೆ. ಹಂತ 1ರ ಮೂರು ಪರೀಕ್ಷೆ ಮಾಡಿ, ಎಲ್ಲಿ ನಿಂತರೋ ಅಲ್ಲಿಂದ ಶುರು ಮಾಡಿ. ಕೂಲಿ ಲೆಕ್ಕ, ಟನ್ನಿನ ಲೆಕ್ಕ ಕೇಳುತ್ತಾ ಬೆಳೆದ ಮಕ್ಕಳು ಹಣ ಹಂಚುವುದರಲ್ಲಿ ಹಿಂದೆ ಬೀಳುವುದಿಲ್ಲ. ನೋಟುಗಳಿಂದ ಶುರು ಮಾಡಿದರೆ ಬೇಗ ಕೂಡಿಕೊಳ್ಳುತ್ತಾರೆ. ನಾಲ್ಕು, ಐದು ಎರಡೂ ತರಗತಿ ಒಬ್ಬರೇ ನೋಡಿಕೊಳ್ಳುವ ಸಾಲಿಯಲ್ಲಿ ಈ ಮಕ್ಕಳನ್ನು ನಾಲ್ಕನೆಯವರ ಕಡ್ಡಿ ಗುಂಪಿಗೆ ಸೇರಿಸಿ, ಆದರೆ ಹಂಚುವ ಮುಖ್ಯ ಕೆಲಸ ಅವರಿಗೇ ಕೊಡಿ.

ಹಂತ 9: ಎರಡಂಕಿ ಭಾಜಕಕ್ಕೆ ಯಾವಾಗ ಹೋಗಬೇಕು

ಈ ಐದು ಲೆಕ್ಕವನ್ನು ಕಡ್ಡಿ, ನೋಟು ಇಲ್ಲದೆ, ಅಂದಾಜು ಮತ್ತು ತಾಳೆ ಸಮೇತ ಮಾಡಿದ ಮಗು ತಯಾರಾಗಿದೆ:

52÷4 (13, ಶೇಷ 0)
95÷4 (23, ಶೇಷ 3)
257÷6 (42, ಶೇಷ 5)
405÷4 (101, ಶೇಷ 1)
603÷5 (120, ಶೇಷ 3)

ಕೊನೆಯ ಎರಡರಲ್ಲಿ ತಪ್ಪಿದರೆ ಹಂತ 6 ಮತ್ತೆ. ಮೊದಲನೆಯದರಲ್ಲಿ ಶೇಷ 0 ಅಂತ ಬರೆಯುವುದನ್ನೂ ಬಿಡಬಾರದು. ಏನೂ ಉಳಿಯಲಿಲ್ಲ ಅನ್ನುವುದೂ ಉತ್ತರದ ಭಾಗ.

ಎರಡಂಕಿ ಭಾಜಕದಲ್ಲಿ ಹೊಸ ಕ್ರಮ ಏನೂ ಇಲ್ಲ. ಮಗ್ಗಿ ಮಾತ್ರ ಹೊಸದು. 437÷12 ಮಾಡುವಾಗ ಮೊದಲು ಅಂಚಿನಲ್ಲಿ 12, 24, 36, 48, 60, 72, 84, 96, 108 ಬರೆಸಿ. 43ಕ್ಕೆ 3 ಸಲ, 36 ಹೋಗಿ 7 ಉಳಿಯಿತು. 77ಕ್ಕೆ 6 ಸಲ, 72 ಹೋಗಿ 5 ಉಳಿಯಿತು. ಉತ್ತರ 36, ಶೇಷ 5. ಊಹೆ ಮಾಡಿ ಅಳಿಸಿ ಬರೆಯುವುದಕ್ಕಿಂತ ಈ ಪಟ್ಟಿಗೆ ಹಿಡಿಯುವ ಎರಡು ನಿಮಿಷ ಒಳ್ಳೆಯದು. ಕೆಲವು ದಿನಗಳಾದ ಮೇಲೆ ಮಕ್ಕಳು ಪಟ್ಟಿಯನ್ನು ತಾವೇ ಮೊಟಕು ಮಾಡಿಕೊಳ್ಳುತ್ತಾರೆ. ಬೇಕಾದಷ್ಟು ಬರೆದು ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಪೂರ್ತಿ ಬರೆಸಿ.